ತಮ್ಮನ ಬೇಕರಿಗೆ ಬಿದ್ದ ಬೀಗ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಅವಳನ್ನು ಹುಡುಗರು ಬೆನ್ನ ಹಿಂದೆ ‘ಸರಾಸರಿ ಮೇಡಂ’ ಎನ್ನುತ್ತಿದ್ದರು. ಸರಾಸರಿಗಿಂತ ಕೆಳಗಿರುವವರೇ ಹಾಗೆ ಕರೆಯುವುದು ಎಂದು ಅವಳು ನಗುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು ತಮ್ಮ. ತಾನು ಶಾಲೆ ಬಿಟ್ಟು ಅಪ್ಪನ ಬೇಕರಿಯ ಒಲೆಯ ಮುಂದೆ ನಿಂತವನು.

ಆ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಎಲ್ಲರೂ ನಲ್ಲಿ ನೀರನ್ನು ದೂರಿದರು. ಪಕ್ಕದ ಮನೆಯ ಅಜ್ಜಿ ಸತ್ತಾಗ ಅವಳಿಗೆ ಸುಮ್ಮನಿರಲಾಗಲಿಲ್ಲ. ಯಾವ ಬೀದಿಯಲ್ಲಿ ಎಷ್ಟು ಮಂದಿ ಮಲಗಿದ್ದಾರೆ, ನೀರಿನ ಪರೀಕ್ಷೆ ಏನು ಹೇಳಿತು, ಯಾವ ಅಂಗಡಿಯಲ್ಲಿ ಏನು ಮಾರುತ್ತಾರೆ, ಎಲ್ಲವನ್ನೂ ಆರೋಗ್ಯ ಇಲಾಖೆ ತನ್ನ ವೆಬ್‌ಸೈಟಿನಲ್ಲಿ ಹಾಕಿತ್ತು. ಯಾರು ಬೇಕಾದರೂ ನೋಡಬಹುದಿತ್ತು, ಕೂಡಿಸಿ ನೋಡಿದವರಿರಲಿಲ್ಲ. ಅವಳು ಮೂರನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಿದಳು. ನೀರಿನಲ್ಲಿ ದೋಷವಿರಲಿಲ್ಲ. ಕಾಯಿಲೆ ಒಂದು ಬೇಕರಿಯ ಸುತ್ತ ಮುತ್ತಿಕೊಂಡಿತ್ತು, ತಮ್ಮನ ಬೇಕರಿಯ ಸುತ್ತ. ತಪ್ಪಿರಲಿ ದೇವರೇ ಎಂದುಕೊಂಡು ಮತ್ತೆ ಲೆಕ್ಕ ಹಾಕಿದಳು. ತಪ್ಪಿರಲಿಲ್ಲ.

ಕೇಕಿಗೆ ಹಚ್ಚುವ ಕ್ರೀಮನ್ನು ತಮ್ಮನೇ ಕಡೆಯುತ್ತಿದ್ದ. ಅದಕ್ಕೆ ಹಸಿ ಮೊಟ್ಟೆ ಬೀಳುತ್ತಿತ್ತು. ಪರೀಕ್ಷೆ ಆಗುವವರೆಗಾದರೂ ಅದನ್ನು ನಿಲ್ಲಿಸು ಎಂದು ಬೇಡಿಕೊಂಡಳು.

“ನನ್ನ ಮಕ್ಕಳೂ ಇದನ್ನೇ ತಿಂತಾರೆ ಅಕ್ಕ. ನಿನ್ನ ನಕ್ಷೆ ಮೇಲಿನ ಚುಕ್ಕಿ ನೋಡಿ ಅಂಗಡಿ ಮುಚ್ಚಲಾ?”

“ನಿಲ್ಲಿಸದೇ ಇದ್ರೆ ಇಲಾಖೆಗೆ ನಾನೇ ಹೇಳಬೇಕಾಗುತ್ತೆ ಕಣೋ.”

“ಹೇಳು. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ.”

ಅವಳು ಹೇಳಿದಳು. ಬೇಕರಿಗೆ ಬೀಗ ಬಿತ್ತು. ಕ್ರೀಮಿನಲ್ಲಿ ರೋಗಾಣು ಸಿಕ್ಕಿತು. ಅದು ಬಂದದ್ದು ಮೊಟ್ಟೆಯಿಂದ ಎಂದೂ ತಿಳಿಯಿತು. ಆ ಮೊಟ್ಟೆ ಅರ್ಧ ಊರಿಗೆ ಒದಗಿಸುವ ದೊಡ್ಡ ಕಂಪನಿಯದು. ಕಂಪನಿಯ ಪರೀಕ್ಷಾ ವರದಿ ಕೊಡಿ ಎಂದು ಅವಳು ಅಧಿಕಾರಿಯ ಬಳಿ ಹೋದಳು.

“ಅದು ಅವರ ವ್ಯಾಪಾರದ ಗುಟ್ಟು ಮೇಡಂ,” ಎಂದ ಅವನು. “ಅಂಗಡಿಗಳದ್ದು ಮಾತ್ರ ಹೊರಗೆ ಹಾಕ್ತೀವಿ.”

ಕಂಪನಿಗೆ ಒಂದು ನೋಟಿಸು ಹೋಯಿತು. ಮೊಟ್ಟೆಯ ಲಾರಿಗಳು ಓಡಾಡುತ್ತಲೇ ಇದ್ದವು. ಇಲಾಖೆ ಅವಳಿಗೆ ಶಾಲು ಹೊದಿಸಿತು.

ತಮ್ಮ ಈಗ ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದುತ್ತಾನೆ. ಅಲ್ಲಿಗೂ ಅದೇ ಮೊಟ್ಟೆ ಬರುತ್ತದೆ. ಒಮ್ಮೆ ಅಮ್ಮನ ಮನೆಯಲ್ಲಿ ಅವಳು ಒಳಗೆ ಕಾಲಿಟ್ಟೊಡನೆ ಅವನು ಅರ್ಧ ಊಟದಲ್ಲೇ ಕೈ ತೊಳೆದ. ಅಮ್ಮ ಯಾರನ್ನೂ ಬೈಯಲಿಲ್ಲ. ತಟ್ಟೆ ಎತ್ತುತ್ತಾ, “ಇನ್ನು ಮೇಲೆ ಬರೋ ಮುಂಚೆ ಒಂದು ಫೋನ್ ಮಾಡಮ್ಮ,” ಎಂದಳು.

ಮರುವರ್ಷ ಊರಿನ ಇನ್ನೊಂದು ತುದಿಯಲ್ಲಿ ವಾಂತಿಭೇದಿ ಕಾಣಿಸಿತು. ಅವಳು ವೆಬ್‌ಸೈಟು ತೆರೆದಳು. ಬೀದಿವಾರು ಅಂಕಿ ಇರಲಿಲ್ಲ. ವ್ಯಾಪಾರಿಗಳ ಹೆಸರು ಕೆಡುತ್ತದೆಂದು ಇಡೀ ಊರಿಗೆ ಒಂದೇ ಮೊತ್ತ ಹಾಕಿದ್ದರು. ಅಂಕಿ ಕೊಡಿ ಎಂದು ಅರ್ಜಿ ಬರೆದಳು. ಉತ್ತರ ಇನ್ನೂ ಬಂದಿಲ್ಲ.