ಹೂವು ಮುಡಿದ ಕಂಪ್ಯೂಟರು

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ತನ್ನನ್ನು ಕಂಡು ಎದ್ದು ನಿಲ್ಲದ ಕಂಪ್ಯೂಟರು ಇನ್ನೂ ಹುಟ್ಟಿಲ್ಲ ಎನ್ನುವುದು ರಿಪೇರಿ ಶಹಾಬುದ್ದೀನನ ಮಾತು. ಅವನ ಸ್ಕೂಟರಿನ ಸದ್ದಿಗೇ ಪಾಂಡವಪುರದ ಪ್ರಿಂಟರುಗಳು ನುಂಗಿದ ಕಾಗದವನ್ನು ತಾವಾಗಿ ಕಕ್ಕುತ್ತವಂತೆ. ಕೆ.ಆರ್. ಪೇಟೆಯಲ್ಲಿ ಸತ್ತು ಮಲಗಿದ್ದ ಮಾನಿಟರೊಂದು ಇವನು ಕೆಮ್ಮಿದ್ದಕ್ಕೇ ಕಣ್ಣು ಬಿಟ್ಟಿತಂತೆ. ಇದನ್ನೆಲ್ಲ ಅವನೇ ಹೇಳಿದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ಆಯುಧಪೂಜೆಯ ಮಾರನೆಯ ಬೆಳಗ್ಗೆ ಅರಕೆರೆ ಕಡೆಯ ಹಳ್ಳಿಯೊಂದರ ಹಾಲಿನ ಡೈರಿಯಿಂದ ಫೋನು ಬಂತು. ಮಾಡಿದವಳು ಕಾರ್ಯದರ್ಶಿ ಬೈರಮ್ಮ. ತಕ್ಕಡಿ ತೂಕ ಕೊಡುತ್ತಿಲ್ಲ, ಫ್ಯಾಟ್ ಅಳೆಯುವ ಮಿಷನ್ನು ಫ್ಯಾಟ್ ಕೊಡುತ್ತಿಲ್ಲ. ಲೆಕ್ಕ ಕಂಪ್ಯೂಟರಿಗೆ ಏರದ ಹಾಲನ್ನು ವ್ಯಾನಿನವರು ಮುಟ್ಟುವುದಿಲ್ಲ. ವ್ಯಾನು ಬರುವ ಹೊತ್ತು ಬೇರೆ ಆಗುತ್ತಿದೆ. ಕ್ಯಾನು ಹಿಡಿದವರ ಸಾಲು ಕರಿಘಟ್ಟ ಬೆಟ್ಟದ ಮೆಟ್ಟಿಲು ಹತ್ತುವಷ್ಟು ಬೆಳೆದಿದೆ.

ಶಹಾಬುದ್ದೀನ್ ಹೋಗಿ ನೋಡಿದರೆ ಕಂಪ್ಯೂಟರು ಚೆಂಡುಹೂವಿನಲ್ಲಿ ಮುಳುಗಿತ್ತು, ಪರದೆಯಷ್ಟೇ ಇಣುಕುತ್ತಿತ್ತು. ಪೂಜೆಗೆ ಕೂತದ್ದನ್ನು ಕದಲಿಸಬಾರದೆಂಬುದು ಅವನಿಗೂ ಗೊತ್ತು. ಹೂವಿಗೆ ಕೈ ಹಚ್ಚದೆ ಬರೀ ಮೌಸು ಹಿಡಿದು ಯುದ್ಧಕ್ಕಿಳಿದ. ಒಳಗೆ ಒಂದೊಂದು ಯಂತ್ರಕ್ಕೂ ಒಂದೊಂದು ನಂಬರಿನ ಜಾಗ. ಅಲ್ಲಿ ತಕ್ಕಡಿಯು ಮಿಷನ್ನಿನ ನಂಬರಿನಲ್ಲಿ ಕೂತಿತ್ತು, ಮಿಷನ್ನು ತಕ್ಕಡಿಯ ನಂಬರಿನಲ್ಲಿ. ಬದಲಿಸಹೋದರೆ, ಆ ಜಾಗದಲ್ಲಿ ಆಗಲೇ ಬೇರೆಯವರಿದ್ದಾರೆಂದು ಕಂಪ್ಯೂಟರು ಅಡ್ಡ ಬಂತು. ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿದವರ ಹಾಗೆ ಎರಡೂ ಜಗ್ಗಲಿಲ್ಲ. ಯಂತ್ರ ನಡೆಸುವ ಡ್ರೈವರ್ ಸಾಫ್ಟ್‌ವೇರನ್ನೇ ಕಿತ್ತು ಹಾಕಿ, ಮತ್ತೆ ಕೂರಿಸಿ, ಆರಿಸಿ, ಹಚ್ಚಿ ನೋಡಿದ. ಸಾಲಿನಲ್ಲಿದ್ದ ಚಿಕ್ಕಸ್ವಾಮಿ, ಇನ್ನು ಮೊಸರಿನ ಡೈರಿ ಎಂದು ಬೋರ್ಡು ಬರೆಸುವುದೇ ಮೇಲು ಎಂದ.

ನಾಲೆಯ ಸೇತುವೆ ಕಡೆಯಿಂದ ವ್ಯಾನಿನ ಹಾರನ್ನು ಕೇಳಿಸಿತು. ಬೈರಮ್ಮನಿಗೆ ಅಳುವೇ ಬಂತು.

"ನೆನ್ನೆ ಸಂದೆ ಹಾಲಾದ್ಮೇಲೆ ಒಂದೊಂದ್ ವೈರೂ ಕಿತ್ತು, ಒರ್ಸಿ, ಅರಿಶ್ನ ಕುಂಕುಮ ಇಕ್ಕಿ, ತಿರ್ಗ ಸಿಗ್ಸಿವ್ನಿ ಕಣಣ್ಣ. ಅಷ್ಟ್ ಮಾಡಿದ್ರೂ ಇಂಗಾ ಮಾಡಾದು?"

ಶಹಾಬುದ್ದೀನನ ಕೈ ಮೌಸಿನ ಮೇಲೇ ನಿಂತುಹೋಯಿತು. "ಯಾವ ತೂತಿಗೆ ಯಾವ್ದು ಸಿಗ್ಸಿದ್ರಿ ಅಕ್ಕ?"

"ಎಲ್ಲಾ ಒಂದೇ ತರ ಅವೆ. ಕೈಗ್ ಸಿಕ್ಕಿದ್ ತೂತಿಗೆ."

"ಮೊದ್ಲೇ ಹೇಳ್ಬಾರ್ದಾ?"

"ನಿಮ್ಗೇನ್ ಹೇಳ್ಕೊಡಾದು ಅಂತ ಸುಮ್ಕಿದ್ದೆ."

ಅವಳೇ ಕೈಮುಗಿದು ಹಾರ ಸರಿಸಿದಳು. ಅವನು ಎರಡು ವೈರು ಅದಲುಬದಲು ಮಾಡಿ, ಮತ್ತೆ ಆರಿಸಿ ಹಚ್ಚಿದ. ತಕ್ಕಡಿ ತೂಕ ತೋರಿಸಿತು, ಮಿಷನ್ನು ಫ್ಯಾಟ್ ತೋರಿಸಿತು. ವ್ಯಾನಿನವನು ಗೊಣಗಿದ, ಆದರೆ ಕಾದ. ಕೊನೆಯ ಕ್ಯಾನೂ ವ್ಯಾನಿಗೆ ಏರಿದ ಮೇಲೆ ಬೈರಮ್ಮನ ಮುಖದಲ್ಲಿ ಕಳೆ ಬಂತು.

ಚಿಕ್ಕಸ್ವಾಮಿಗೆ ಮಾತ್ರ ಮನೆಗೆ ಹೋಗುವ ಮನಸ್ಸಿರಲಿಲ್ಲ. "ಅಲ್ಲ ಕಣ್ಲಾ ಶಹಾಬು, ನಿನ್ನ ಕಂಡೇಟ್ಗೆ ಕಂಪ್ಯೂಟ್ರು ಎದ್ ನಿಂತ್ಕತದೆ ಅಂತಿದ್ದೆ. ಇದ್ಯಾಕ್ಲಾ ಅಷ್ಟೊತ್ತೂ ಕುಂತೇ ಇತ್ತು?"

ಶಹಾಬುದ್ದೀನ್ ಬೈರಮ್ಮ ಕೊಟ್ಟ ಕಾಫಿಯ ಲೋಟ ಕೆಳಗಿಟ್ಟ.

"ಅಕ್ಕ ಅದ್ಕೆ ಮೈತುಂಬ ಹೂವ ಮುಡ್ಸಿ ಕೂರ್ಸವ್ರೆ. ಹಸೆಮಣೆ ಮೇಲ್ ಕುಂತ ಹೆಣ್ಣು, ರಿಪೇರಿಯವ್ನು ಬಂದ ಅಂತ ಎದ್ದೇಳ್ತದೇನ್ಲಾ?"