ಬೆಟ್ಟದ ಮೇಲೆ ಕಾದು ಕೂತವರು

ನಮ್ಮ ಯಜಮಾನರು ವಾಯುಪಡೆಯಿಂದ ನಿವೃತ್ತರಾಗಿ ಹನೂರಿಗೆ ಬಂದಾಗ ಊರವರು ಅವರಿಗೆ ‘ಇಮಾನದ ಸಾ’ ಎಂದು ಹೆಸರಿಟ್ಟರು. ಅವರು ಕೆಲಸ ಮಾಡಿದ್ದು ವಿಮಾನದಲ್ಲಲ್ಲ, ಹೆಲಿಕಾಪ್ಟರಿನಲ್ಲಿ. ಹಾರುವಾಗ ಇಂಜಿನ್ನಿನ ಮೇಲೆ ಕಣ್ಣಿಡುವ ಫ್ಲೈಟ್ ಇಂಜಿನಿಯರ್ ಆಗಿ. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಬೆಟ್ಟಗಳಿಂದ ಗಾಯಾಳುಗಳನ್ನು ಎತ್ತಿ ತರುವಾಗ ಗುಂಡು ಬಿದ್ದು ಎಣ್ಣೆಯ ಕೊಳವೆ ಸೋರತೊಡಗಿತಂತೆ. ಕಾದ ಕೊಳವೆಗೆ ಬಟ್ಟೆ ಸುತ್ತಿ ಕೈಯಲ್ಲೇ ಒತ್ತಿ ಹಿಡಿದವರು ನೆಲ ಮುಟ್ಟುವವರೆಗೂ ಬಿಡಲಿಲ್ಲ. ಅದಕ್ಕೆ ಪದಕ ಬಂತು. ಇದನ್ನು ಹೇಳಿದವರು ಅವರಲ್ಲ, ಮದುವೆಗೆ ಮುಂಚೆ ಹೆಣ್ಣು ನೋಡಲು ಯಳಂದೂರಿನ ನಮ್ಮ ಮನೆಗೆ ಬಂದಿದ್ದ ಅವರ ಸೋದರಮಾವ.

ಯುದ್ಧ ಮುಗಿದ ಮೇಲೂ ಅವರ ಹಾರಾಟ ನಿಲ್ಲಲಿಲ್ಲ. ಅಸ್ಸಾಮಿನ ನೆರೆಯಲ್ಲಿ ಮನೆಯ ಮೇಲೆ ಕೂತವರನ್ನು ಎತ್ತಿದರು, ಹಿಮದ ಬೆಟ್ಟಗಳಿಗೆ ಅಕ್ಕಿ ಮೂಟೆ ಇಳಿಸಿದರು, ಕೊನೆಯ ವರ್ಷಗಳಲ್ಲಿ ಹುಡುಗರಿಗೆ ಇಂಜಿನ್ ಕಲಿಸಿದರು. ನಾನು ಅವರ ಹಿಂದೆ ಊರೂರು ತಿರುಗಿ ಹಿಂದಿ ಕಲಿತೆ. ಯುದ್ಧದ ಮಾತು ತೆಗೆದರೆ ಮಾತ್ರ, “ಅದು ಡ್ಯೂಟಿ ಕಣಮ್ಮಿ, ಬುಡು” ಎಂದು ಎದ್ದು ಹೋಗುತ್ತಿದ್ದರು.

ಹನೂರಿಗೆ ಬಂದವರು ಹಳೆಯ ಜೀಪೊಂದನ್ನು ತಂದು ತಾವೇ ಸರಿಮಾಡಿ ಬಾಡಿಗೆಗೆ ಓಡಿಸತೊಡಗಿದರು. ಬಸ್ಸು ಅಪರೂಪವಾಗಿದ್ದ ಹಳ್ಳಿಗಳಿಗೆಲ್ಲ ಅದೇ ಆಸರೆ. ನನ್ನ ತಮ್ಮನಿಗೆ ಇದು ಸರಿಬರಲಿಲ್ಲ.

“ಮೆಡಲ್ ತಕಂಡೋರು ಜೀಪ್ ಓಡ್ಸದಾ ಭಾವ?” ಎಂದ.

“ಕೈ ಸುಮ್ಕಿದ್ರೆ ಜೋಮು ಇಡೀತದೆ ಕಣಪ್ಪ” ಎಂದು ಇವರು ನಕ್ಕರು. ನನಗೂ ಒಳಗೊಳಗೇ ಬೇಸರವಿತ್ತು, ತೋರಿಸಿಕೊಳ್ಳಲಿಲ್ಲ ಅಷ್ಟೆ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ ಇವರು ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೆ ಜನರನ್ನು ಬಿಡಲು ಹೊರಟಿದ್ದರು. ಸ್ವೆಟರ್ ಕೊಳ್ಳುವ ಆಸೆಗೆ ನಾನೂ ಜೊತೆಗೆ ಹೋದೆ. ಇನ್ನೇನು ಹಿಂದಿರುಗಬೇಕು, ಟಿಬೆಟನ್ ಮುದುಕರೊಬ್ಬರು ಕುಂಟುತ್ತಲೇ ಓಡಿಬಂದು ಜೀಪಿಗೆ ಅಡ್ಡ ನಿಂತರು.

“ಸಾ, ಸೊಸೆಗೆ ನೋವು ಬಂದದೆ. ಕೊಳ್ಳೇಗಾಲ ಓಗ್ಬೇಕು!”

ಆ ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡೆ. ಗುಂಡಿ ಬಿದ್ದ ರಸ್ತೆ. ಇವರು ಒಂದೊಂದು ಗುಂಡಿಯನ್ನೂ ಬಳಸಿಕೊಂಡು, ಆದರೂ ತಡಮಾಡದೆ ಓಡಿಸಿದ ರೀತಿ ನೋಡಿ, ಜೊತೆಗೆ ಹಾರಿದವರಿಗೆ ಇವರು ಎಷ್ಟು ಧೈರ್ಯ ತುಂಬಿರಬೇಕು ಎನ್ನಿಸಿತು. ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೆಲ್ಲ ಹೆಣ್ಣು ಮಗು ಹುಟ್ಟಿತು. ತಾಯಿಯೂ ಕ್ಷೇಮ.

ಹೊರಗೆ ಬೆಂಚಿನ ಮೇಲೆ ಟೀ ಕುಡಿಯುತ್ತ ಮುದುಕರು ಇವರ ಅಂಗೈಯ ಸುಟ್ಟ ಕಲೆಯನ್ನು ನೋಡಿದರು. ಏನಾಯಿತೆಂದು ಹಿಂದಿಯಲ್ಲಿ ಕೇಳಿದರು. ಹೆಲಿಕಾಪ್ಟರ್ ಎಂದದ್ದೇ ತಡ, ತಮ್ಮ ಕುಂಟುಗಾಲನ್ನು ಮುಂದೆ ಚಾಚಿದರು. ಅವರೂ ನಮ್ಮ ದೇಶದ ಪರವಾಗಿ ಕಾದಿದ ಟಿಬೆಟನ್ ಪಡೆಯ ಸಿಪಾಯಿಯಾಗಿ ಅದೇ ಯುದ್ಧದಲ್ಲಿ, ಅದೇ ಬೆಟ್ಟಗಳಲ್ಲಿ ಇದ್ದವರು.

“ನಿಮ್ಮನ್ನು ಎತ್ತಿ ತಂದದ್ದು ನಾವೇನಾ?” ಎಂದರು ಇವರು.

“ಯಾರಿಗೆ ಗೊತ್ತು? ಎತ್ತಿ ತರುವಾಗ ನನಗೆ ಎಚ್ಚರವೇ ಇರಲಿಲ್ಲ.”

ಇವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ, ನನಗೂ ಹೇಳದಿದ್ದ ಮಾತನ್ನು ಆ ಪರಸ್ಥಳದವರ ಮುಂದೆ ಹೇಳಿದರು. ಒಮ್ಮೆ ಹೆಲಿಕಾಪ್ಟರಿನಲ್ಲಿ ಜಾಗ ಸಾಲದೆ ಕೆಲವು ಗಾಯಾಳುಗಳನ್ನು ಬೆಟ್ಟದ ಮೇಲೆಯೇ ಬಿಟ್ಟು, ಮತ್ತೆ ಬರುತ್ತೇವೆಂದು ಹೇಳಿ ಬಂದಿದ್ದರು. ಮೋಡ ಕವಿಯಿತು. ಮತ್ತೆ ಹೋಗಲಾದದ್ದು ಮರುದಿನ ಮಾತ್ರ. ಅಷ್ಟರಲ್ಲಿ ಒಬ್ಬ ತೀರಿಕೊಂಡಿದ್ದ.

“ಪದಕ ಹಾಕಿಕೊಂಡಾಗೆಲ್ಲ ಅವನ ಮುಖವೇ ಎದುರಿಗೆ ಬರುತ್ತದೆ” ಎಂದರು.

ಮುದುಕರು ಟೀ ಲೋಟ ಕೆಳಗಿಟ್ಟರು. “ನಾವೂ ಹಾಗೇ ಕಾದು ಕೂತಿದ್ದೆವು. ಮೊದಲ ಸಲ ಬಂದಾಗ ನನಗೆ ಜಾಗ ಸಿಗಲಿಲ್ಲ. ಸದ್ದು ದೂರ ಹೋಗುವುದನ್ನು ಕೇಳುತ್ತ ಮಲಗಿದ್ದೆ. ಯಾರೂ ನಿಮ್ಮನ್ನು ಬಯ್ಯಲಿಲ್ಲ. ಅಲ್ಲಿಯವರೆಗೆ ನಾವಿರುವ ಜಾಗ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆವು. ಗೊತ್ತಾಗಿದೆ, ಬರುತ್ತಾರೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ಆ ಭರವಸೆಯಲ್ಲೇ ಜೀವ ಹಿಡಿದುಕೊಂಡೆವು.”

ಇವರು ಅತ್ತದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಮುದುಕರು ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು. ನಾನು ಒಳಗೆ ಹೋಗಿ ಮಗುವನ್ನು ನೋಡಿಕೊಂಡು ಬಂದೆ.

ಹಿಂದಿರುಗುವ ದಾರಿಯುದ್ದಕ್ಕೂ ಇವರು ಮಾತಾಡಿದರು: ಜೊತೆಗಾರರ ತಮಾಷೆ, ಭಯ, ಹಸಿವು, ಎಲ್ಲವನ್ನೂ. ಮನೆ ಮುಂದೆ ಜೀಪು ನಿಂತ ಮೇಲೂ ನಾವಿಬ್ಬರೂ ಇಳಿಯದೆ ಕೂತಿದ್ದೆವು. ಅಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನ್ನ ಗಂಡ ನನಗೆ ಪೂರ್ತಿ ಸಿಕ್ಕಿದ್ದು ಅಂದು. ಜೀಪಿನ ಬಗ್ಗೆ ಆಮೇಲೆ ನಾನು ಬೇಸರಪಡಲಿಲ್ಲ.

ಎರಡು ಮನೆಗಳಿಗೂ ಹೋಗಿಬರುವ ಬಳಕೆಯಾಯಿತು. ಅವರ ಜೋಳದ ತೆನೆ ನಮ್ಮ ಒಲೆಗೆ ಬಂತು. ಮುದ್ದೆ ಅಗಿಯದೆ ನುಂಗುವುದನ್ನು ಮುದುಕರು ನಮ್ಮ ಮನೆಯಲ್ಲೇ ಕಲಿತರು.

ಇವರು ಎದೆನೋವಿನಿಂದ ಹೋಗಿ ಈಗ ವರ್ಷವಾಗುತ್ತ ಬಂತು. ಸುದ್ದಿ ತಿಳಿದು ಆ ಮನೆಯವರೆಲ್ಲ ಬಂದರು. ಕೊಳ್ಳೇಗಾಲದಲ್ಲಿ ಹುಟ್ಟಿದ ಆ ಹುಡುಗಿ ನನ್ನ ಕೈ ಹಿಡಿದುಕೊಂಡು, “ಅಜ್ಜಿ, ತಾತನ ಎಸ್ರಲ್ಲಿ ನಮ್ಮ ಗುಡೀಲಿ ದೀಪ ಅಚ್ಚಿವಿ, ಬನ್ನಿ” ಎಂದಳು. ಹೋದೆ. ಬೆಣ್ಣೆದೀಪಗಳ ಸಾಲಿನ ಮುಂದೆ ಅವಳು ನನಗೊಂದು ಮಣೆ ಹಾಕಿಕೊಟ್ಟಳು. ಮನಸ್ಸು ತಣ್ಣಗಾಗುವವರೆಗೂ ಅಲ್ಲೇ ಕೂತಿದ್ದೆ.