ಲಿಂಬೆ ಗಿಡ ಕುಡಿದ ನನ್ನ ಗುಳಿಗೆಗಳು

ಮುದ್ದೇಬಿಹಾಳದಿಂದ ಇಂಡಿಗೆ ಸೊಸೆಯಾಗಿ ಬಂದ ಎರಡನೆಯ ವರ್ಷ ನಾನು ಬಸುರಿಯಾದೆ. ಆಗಿನ್ನೂ ತೊಂಬತ್ತರ ದಶಕ. ಆಸ್ಪತ್ರೆಯ ಸಿಸ್ಟರ್ ರಕ್ತ ಕಡಿಮೆಯಿದೆ ಎಂದು ಕೆಂಪನೆಯ ಕಬ್ಬಿಣದ ಗುಳಿಗೆ ಕೊಟ್ಟು, ದಿನಕ್ಕೊಂದು ನುಂಗಲು ಹೇಳಿದರು. ಒಂದು ನುಂಗಿದರೆ ದಿನವಿಡೀ ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗೆ. ನಾನೋ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ರಕ್ತಹೀನತೆಯ ಪಾಠವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಬುದ್ಧಿ ಹೇಳುವುದು ಬೇರೆ, ನುಂಗುವುದು ಬೇರೆ.

ಪೊಟ್ಟಣದಲ್ಲಿ ಗುಳಿಗೆ ಉಳಿದಿದೆಯೇ ಎಂದು ಅತ್ತೆ ದಿನಾ ಬಿಚ್ಚಿ ನೋಡುವವರು. ಹಾಗಾಗಿ ನುಂಗದೆ ಉಳಿಸಿಕೊಂಡ ಗುಳಿಗೆಗೊಂದು ಗತಿ ಕಾಣಿಸಲೇಬೇಕಿತ್ತು. ಹಿತ್ತಲಲ್ಲಿ ಅವರ ಮುದ್ದಿನ ಲಿಂಬೆ ಸಸಿ ಇತ್ತು. ಚಿಗುರೆಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಪಾಪ, ಇದಕ್ಕೂ ಕಬ್ಬಿಣ ಸಾಲದು ಎಂದುಕೊಂಡು ಬುಡದಲ್ಲಿ ಗುಳಿಗೆ ಹೂತೆ. ಪಕ್ಕದ ಮನೆಯ ಕೋಳಿಗಳು ಕೆದರಿ ಹೊರಗೆ ಹಾಕಿದವು. ಆಗ ನನ್ನದೇ ಪಾಠ ನೆನಪಾಯಿತು. ಬೇರಿಗೆ ಹಲ್ಲಿಲ್ಲ, ನೀರಿನಲ್ಲಿ ಕರಗಿದ್ದನ್ನಷ್ಟೇ ಅದು ಹೀರುತ್ತದೆ. ನಮ್ಮ ಸುಣ್ಣದಂಶದ ಎರೆಮಣ್ಣಿನಲ್ಲಂತೂ ಕರಗಿದ ಕಬ್ಬಿಣವೂ ಮತ್ತೆ ಗಟ್ಟಿಯಾಗಿ ಕೂತುಬಿಡುತ್ತದೆ. ಹುಳಿ ಬೆರೆಸಿದರೆ ಒಂದಿಷ್ಟು ಕಾಲ ಕರಗಿಯೇ ಇರುತ್ತದೆ. ಸರಿ, ಗುಳಿಗೆ ಪುಡಿ ಮಾಡಿ, ಲಿಂಬೆರಸ ಹಿಂಡಿ, ಚೊಂಬಿನಲ್ಲಿ ಕದಡಿ ದಿನಾ ಹೊಯ್ದೆ. ಲಿಂಬೆಗೇ ಲಿಂಬೆರಸ ಕುಡಿಸಿದ ಸೊಸೆ ಇಂಡಿಯಲ್ಲಿ ನಾನೊಬ್ಬಳೇ ಇರಬೇಕು.

ಒಂದೂವರೆ ತಿಂಗಳಿಗೆ ಹೊಸ ಚಿಗುರು ಹಸಿರೋ ಹಸಿರು. ಇದೆಲ್ಲ ತಾವು ಹಾಕಿದ ಒಲೆಬೂದಿಯ ಮಹಿಮೆ ಎಂದು ಅತ್ತೆ ಓಣಿಗೆಲ್ಲ ಸಾರಿದರು. ನಾನು ಹೌದ್ರಿ ಎಂದೆ.

ಮುಂದಿನ ತಪಾಸಣೆಯಲ್ಲಿ ನನ್ನ ರಕ್ತ ಇನ್ನೂ ಇಳಿದಿತ್ತು. ಸಿಸ್ಟರ್ ನನ್ನನ್ನು ಬಿಟ್ಟು ಜೊತೆಗೆ ಬಂದಿದ್ದ ಅತ್ತೆಯನ್ನು ತರಾಟೆಗೆ ತೆಗೆದುಕೊಂಡರು, ಸೊಸೆಗೆ ಹೊಟ್ಟೆಗೆ ಹಾಕುತ್ತೀರೋ ಇಲ್ಲವೋ ಎಂದು. ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ತಮ್ಮ ಪಾಲಿನ ಹಾಲನ್ನೂ ನನಗೇ ಕುಡಿಸುತ್ತಿದ್ದ ಅತ್ತೆ ತಲೆ ತಗ್ಗಿಸಿ ನಿಂತರು. ನನಗೆ ಸಹಿಸಲಾಗಲಿಲ್ಲ, ಎಲ್ಲರೆದುರೇ ಲಿಂಬೆ ಗಿಡದ ಕಥೆ ಹೇಳಿಬಿಟ್ಟೆ. ಸಿಸ್ಟರ್ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ.

ಮನೆಗೆ ಬಂದವರೇ ಗುಳಿಗೆ, ನೀರು ಹಿಡಿದು ನನ್ನೆದುರು ಕೂತರು. ನಿಮ್ಮ ಗಿಡ ಮತ್ತೆ ಹಳದಿಯಾದೀತು ಎಂದು ನಾನು ರಾಗ ಎಳೆದೆ.

"ಗಿಡ ಹ್ವಾದ್ರ ಇನ್ನೊಂದು ಹಚ್ಚತೇನಿ. ನಿನ್ನ ಎಲ್ಲಿಂದ ತರ್ಲಿ?"

ನನಗೆ ಬಹಳ ನಾಚಿಕೆಯಾಯಿತು. ಗುಳಿಗೆ ಇಸಿದುಕೊಂಡು ನುಂಗಿದೆ. ಅತ್ತೆ ನಾಲಿಗೆ ಎತ್ತಿಸಿ, ಎರಡೂ ದವಡೆ ತಡಕಿ ನೋಡಿ, ಆಮೇಲೆಯೇ ಎದ್ದರು.